ಸಂಶೋಧನಾ ಬುಧವಾರ

ಜನವರಿ ೮, ಬುಧವಾರ

ಹಾವೇರಿ ಬಸ್ಸು ತಡಾ. ರಾಣೇಬೆನ್ನೂರತನಕ ನಿಂತೇ ಬಂದೆ. ಡಿಪಾರ್ಟ್‌ಮೆಂಟಿನಾಗ ಕಾಲಿಟ್ಟರ ಎಲ್ಲಾರೂ ಅಭಿನಂದನೆ ಹೇಳಾಕತ್ತಾರ. ಯಾತಕ್ಕ ಅಂದೆ. ನಿನ್ನೆ ಮೀಟಿಂಗಿನಾಗ ನನ್ನ ರಿಸರ್ಚ್ ಕೋಆರ್ಡಿನೇಟರ್ ಮಾಡ್ಯಾರಂತ. ನಿನ್ನೆ ನಾ ರಜಾ ಇದ್ದೆ — ಅದೇ ಅರ್ಹತೆ.

ಡೀನ್ ಶಶಿಕಾಂತ ಸರ್ ಕರದು ತಿಳಿಸಿ ಹೇಳಿದರು. ಯೂನಿವರ್ಸಿಟಿಯಿಂದ ಆರ್ಡರ್ ಬಂದೈತಿ. ಕಾಮರ್ಸು, ಅರ್ಥಶಾಸ್ತ್ರ, ಮ್ಯಾನೇಜ್‌ಮೆಂಟು — ಮೂರೂ ಕಡೆ "ಸಂಶೋಧನಾ ಸಾಮರ್ಥ್ಯ" ಬೆಳಸಬೇಕು. ಹೆಂಗ ಬೆಳಸೂದು ಅಂತ ಆರ್ಡರಿನಾಗಿಲ್ಲ. "ನೀವು ಅರ್ಥಶಾಸ್ತ್ರದವ್ರು, ಭುವನಾ ಮೇಡಂ. ಇದ್ದದ್ರಾಗ ಬೆಳಸ್ರಿ" ಅಂದರು.

ಖರೇ ಅವಸರ ಇರೂದು ಸಿಮ್ರಾನಂದು. ನಮ್ಮಲ್ಲೇ ಎಂ.ಕಾಂ. ಓದಿದ ಹುಡುಗಿ, ಪಿಎಚ್.ಡಿ. ಎಂಟ್ರನ್ಸ್ ಪಾಸಾಗ್ಯಾಳ. ಗೈಡ್ ಆಗೂವರು ಈಚಿನ ಮೂರು ವರ್ಷದಾಗ ಎರಡು ಪೇಪರ್ ಪ್ರಕಟ ಮಾಡಿರಬೇಕಂತ ಹೊಸಾ ನಿಯಮ. ನಮ್ಮಲ್ಲಿ ಅಂಥವರು ಯಾರದಾರ? ನಂದು ಒಂದೇ ಐತಿ. ಫೆಬ್ರುವರಿ ಕಡೀಕ ಗೈಡ್ ಸಿಗದಿದ್ರ ಆಕಿ ಸೀಟು ಹೋಗತೈತಿ.

ಜನವರಿ ೧೫, ಬುಧವಾರ

ಮೊದಲನೇ "ಸಂಶೋಧನಾ ಬುಧವಾರ". ಹೆಸರು ಇಟ್ಟವರು ಡೀನ್. ಮಿರ್ಚಿ-ಮಂಡಕ್ಕಿ ತರಿಸಿದಾಕಿ ನಾನು. ಎಲ್ಲಾರೂ ಬಂದರು. ಮಂಡಕ್ಕಿ ಇರೂತನಕ ಕುಂತರು.

ಒಬ್ಬೊಬ್ಬರು ವಿಷಯ ಹೇಳ್ರಿ ಅಂದೆ. ಮ್ಯಾನೇಜ್‌ಮೆಂಟಿನ ಸುಧಾರಾಣಿ ಮೇಡಂ "ಮಹಿಳಾ ನೌಕರರ ಒತ್ತಡ" ಅಂದರು. ಸ್ಯಾಂಪಲ್ ಎಷ್ಟು ಅಂದ್ರ — ಸದ್ಯಕ್ಕ ತಾವೊಬ್ಬರೇ ಅಂತ. ವೀರೇಂದ್ರ ಸರ್ ಕಣ್ಣು ಮುಚ್ಚಿದ್ದರು. ಇನ್‌ಕಮ್ ಟ್ಯಾಕ್ಸ್ ಕಲಸತಾರ, ಹುಡುಗರಿಗೆ ಅವರಂದ್ರ ಭಾಳ ಪ್ರೀತಿ. ಅವರ ವಿಷಯ ಕೇಳಿದೆ. "ವಿಚಾರ ಮಾಡಾಕತ್ತೇನ್ರಿ" ಅಂದರು. ಕಣ್ಣು ತಗೀಲಿಲ್ಲ.

ಡೀನ್ ಮಾತ್ರ "ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟು, ಆನ್‌ಲೈನ್ ಟೆಂಡರು" ಅಂದರು. ಛಲೋ ವಿಷಯ. ಸ್ವಲ್ಪ ಆಶಾ ಹುಟ್ಟಿತು. ಸಿಮ್ರಾನ ಹಿಂದ ಕುಂತು ಎಲ್ಲಾ ಬರಕೊಂಡಳು. ಪಾಪ, ಬರಕೊಳ್ಳೂವಂಥಾದ್ದು ಏನಿತ್ತೋ.

ಜನವರಿ ೨೮, ಮಂಗಳವಾರ

ಡೀನ್ ಪೇಢೆ ಹಂಚಿದರು. ಎರಡು ಪೇಪರ್, ಒಂದೇ ವಾರದಾಗ, ಇಂಟರ್‌ನ್ಯಾಷನಲ್ ಜರ್ನಲ್ಲಿನಾಗ ಬಂದಾವ. ಕಳಿಸಿ ಚಾ ಕುಡದು ಬರೂದ್ರಾಗ ಒಪ್ಪಿಗಿ ಮೇಲ್ ಬಂದಿತ್ತಂತ. ಸಿಮ್ರಾನಗ ಇನ್ನ ತಾವೇ ಗೈಡ್ ಅಂತ ಎಲ್ಲಾರ ಮುಂದ ಹೇಳಿದರು. ಆಕಿ ಕಣ್ಣಾಗ ನೀರು. ಅವರಪ್ಪ ಶಮಶೇರಸಾಬರು ಬೀಜದ ಅಂಗಡಿ ಬಿಟ್ಟು ಓಡಿ ಬಂದರು, ಡೀನ್ ಕೈ ಹಿಡಕೊಂಡವರು ಬಿಡವಲ್ಲರು.

ಮಧ್ಯಾಹ್ನ ಆ ಜರ್ನಲ್ ತಗದು ನೋಡಿದೆ. ಕೋಳಿ ಸಾಕಣೆ, ದಂತವೈದ್ಯ ಮತ್ತು ವಾಣಿಜ್ಯ — ಮೂರೂ ಕೂಡಿ ಒಂದೇ ಪತ್ರಿಕೆ. ಡೀನ್ ಪೇಪರ್ ಮುಗದ ಪುಟದಾಗೇ ಕೋಳಿಮರಿ ಜ್ವರದ ಲೇಖನ ಚಾಲೂ. ಫೀ ಕಟ್ಟಿದವರದು ಏನಿದ್ರೂ ಹಾಕೂ ಪೈಕಿ... ಇನ್ನೊಂದು ಮಾತು. ಬ್ಯಾಡಗಿಯಾಗ ಮುನ್ನೂರು ರೈತರನ್ನ ಮಾತಾಡಿಸೇವಿ ಅಂತ ಬರದಾರ. ಸರ್ ಬ್ಯಾಡಗಿಗೆ ಹೋಗಿದ್ದು ಯಾವಾಗ?

ಜನವರಿ ೨೯, ಬುಧವಾರ — ಬಸ್ಸಿನಾಗ

ಸುಮ್ಮನಿದ್ರ ಸಿಮ್ರಾನಗ ಸೀಟು. ಹೇಳಿದ್ರ ಡೀನ್ ಮಾನಾನೂ ಹೋತು, ಸೀಟೂ ಹೋತು. ಆದ್ರ ನಾಳೆ ಯಾರರ ಶೋಧಿಸಿ ತಗದ್ರ? ಆಕಿ ಕಷ್ಟ ಎಲ್ಲಾ ಕೋಳಿಮರಿ ಪಾಲು.

ಅದೇ ದಿನ, ಸಂಜಿಕ

ಹೇಳಿದೆ. ಅವರ ಚೇಂಬರಿನಾಗ, ಬಾಗಲಾ ಹಾಕಿ. ಲ್ಯಾಪ್‌ಟಾಪ್ ಅವರ ಕಡೆ ತಿರುವಿದೆ. ಕೋಳಿಮರಿ ಫೋಟೋ ಭಾಳ ಹೊತ್ತು ನೋಡಿದರು.

"ಎಲ್ಲಾರೂ ಪೇಢೆ ತಿಂದಾರಲ್ರಿ" ಅಂದರು.

ಇಷ್ಟೇ. ಬುಧವಾರದ ಮೀಟಿಂಗ್ ರದ್ದು.

ಫೆಬ್ರುವರಿ ೫, ಬುಧವಾರ

ವಾರಪೂರ್ತಿ ಡೀನ್ ನನ್ನ ಕೂಡ ಮಾತಾಡಲಿಲ್ಲ. ಇವತ್ತು ಮಂಡಕ್ಕಿ ಹೇಳಿರಲಿಲ್ಲ, ಯಾರೂ ಬರೂದಿಲ್ಲಂತ ತಿಳದಿದ್ದೆ. ಮೊದಲು ಬಂದವರೇ ಡೀನ್. ಕೈಯಾಗ ಅದೇ ಬ್ಯಾಡಗಿ ಪೇಪರಿನ ಪ್ರಿಂಟು, ಎಲ್ಲಾರಿಗೂ ಒಂದೊಂದು, ಜೋಡೀಲೆ ಒಂದೊಂದು ಕೆಂಪು ಪೆನ್ನು. ಎರಡೂ ಪೇಪರ್ ವಾಪಸ್ ತಗೋತೇನಿ ಅಂತ ಜರ್ನಲ್ಲಿಗೆ ಬರದಾರಂತ. ಇದನ್ನ ಓದ್ರಿ, ಖರೇ ಹೇಳ್ರಿ ಅಂದರು. ದನಿ ಸಣ್ಣಾಗಿತ್ತು.

ಡೀನ್ ಪೇಪರಿಗೆ ಕೆಂಪು ಹಚ್ಚೂದಂದ್ರ...

ಆವಾಗ ವೀರೇಂದ್ರ ಸರ್ ಕಣ್ಣು ತಗದರು. ಮೂರನೇ ಟೇಬಲ್ಲಿನ ಲೆಕ್ಕಾ ಕೂಡಿಸಿದ್ದು ತಪ್ಪೈತಿ ಅಂದರು. ಟೆಂಡರ್ ಬಂದದ್ದಕ್ಕೇ ರೇಟ್ ಏರಿತು ಅಂತೀರಿ, ಆ ವರ್ಷ ಬೆಳಿನೇ ಕಡಿಮಿ ಇದ್ರ? — ಅಂದರು. ಒಂದು ತಾಸು ಹಿಂಗೇ ಬಿಚ್ಚಿ ಬಿಚ್ಚಿ ಇಟ್ಟರು. ಬಿರುಸು ಇಲ್ಲ, ಕ್ಲಾಸಿನಾಗ ಹೇಳಿದಂಗ. ನಾವೆಲ್ಲಾ ಪೇಪರ್ ಬಿಟ್ಟು ಅವರನ್ನೇ ನೋಡಾಕತ್ತಿದ್ದಿವಿ. ಇದನ್ನೆಲ್ಲಾ ಎಲ್ಲಿ ಕಲತ್ರಿ ಅಂತ ಡೀನ್ ಕೇಳಿದರು. ವೀರೇಂದ್ರ ಸರ್ ಸಂಕೋಚದಿಂದ ಹೇಳಿದರು — ಈ ಮೂರು ವರ್ಷದಾಗ ತಮ್ಮವೂ ಮೂರು ಪೇಪರ್ ಬಂದಾವ. ಛಲೋ ಜರ್ನಲ್ಲಿನಾಗ.

"ಮತ್ತ ಯಾಕ ಹೇಳಲಿಲ್ರಿ?" ನಾನೇ ಕೇಳಿದೆ. ಸಿಟ್ಟು ಬಂದಿತ್ತು.

"ಹೇಳಿದ್ರ ನನ್ನ ಕೋಆರ್ಡಿನೇಟರ್ ಮಾಡತಿದ್ರು, ಮೇಡಂ. ಆಮ್ಯಾಲೆ ಬರಿಯೂದು ಯಾವಾಗ?"

ಸಿಮ್ರಾನ ಸಲುವಾಗಿಯಾದ್ರೂ ಹೇಳಬೇಕಿತ್ತು ಅಂದೆ. "ಪೇಪರ್ ಅದಾವೇನಂತ ನೀವು ಎಲ್ಲಾರನ್ನೂ ಕೇಳಿದ್ರಿ, ನನ್ನ ಕೇಳಲಿಲ್ಲ. ಆಮ್ಯಾಲೆ ಡೀನ್ ಸಾಹೇಬ್ರೇ ಆಗತೇನಂದ್ರು, ನಡಕ ಹೆಂಗ ಬರಲಿ?" ಅಂದರು. ಖರೇ. ನಿದ್ದಿ ಮಾಡೂವರು ಅಂತ ಬಿಟ್ಟಿದ್ದೆ.

ಸಿಮ್ರಾನ ಎದ್ದು ನಿಂತಳು. "ಸರ್, ನನಗ ಗೈಡ್ ಆಗತೀರೇನ್ರಿ?"

"ಆಗತೇನವ್ವಾ" ಅಂದರು. ಡೀನ್ ತಾವೇ ಎದ್ದು ಹೋಗಿ ಲೆಟರ್ ಟೈಪ್ ಮಾಡಿಸಿಕೊಂಡು ಬಂದು ಸಹಿ ಹಾಕಿದರು. ಕೆಂಪು ಪೆನ್ನಿಲೆ. ಮತ್ತೊಂದು ಮಾಡಿಸಬೇಕಾತು.

ಫೆಬ್ರುವರಿ ೧೩, ಗುರುವಾರ

ಬ್ಯಾಡಗಿ. ಸಂತಿ ದಿನ. ಈ ಸಲ ಖರೇನ ರೈತರನ್ನ ಮಾತಾಡಿಸಾಕ ಬಂದೇವಿ. ಸುಧಾರಾಣಿ ಮೇಡಂ ಕಾರು. ಮಾರ್ಕೆಟ್ ಗೇಟಿನಾಗೇ ಎಲ್ಲಾರಿಗೂ ಸೀನು ಹತ್ತಿತು. ಡೀನ್ ಮಾತು ಚಾಲೂ ಮಾಡಿದ್ರ ಅರ್ಧಕ್ಕ ಸೀನು, ಮತ್ತ ಮೊದಲಿಂದ.

ಮೇಡ್ಲೇರಿಯ ಹೊಳಿಯವ್ವ ಅನ್ನೂವಾಕಿ ತನ್ನ ಮೆಣಸಿನಕಾಯಿ ಚೀಲದ ಹಂತೇಕ ಕುಂತಿದ್ದಳು. ಡೀನ್ ಪ್ರಶ್ನಾವಳಿ ಓದಿದರು: "ಮಾಹಿತಿಯ ಅಸಮಾನತೆಯ ಸನ್ನಿವೇಶದಲ್ಲಿ ತಾವು ಬೆಲೆಯ ನಿರೀಕ್ಷೆಯನ್ನು ಹೇಗೆ ರೂಪಿಸಿಕೊಳ್ಳುವಿರಿ?"

ಆಕಿ ಸೆರಗು ಸರಿ ಮಾಡ್ಕೊಂಡಳು. "ಕೋರ್ಟಿನವರೇನ್ರಿ?"

ಆ ಪ್ರಶ್ನೆ ಬರದಾಕಿ ನಾನು. ತಲಿ ಎತ್ತಲಿಲ್ಲ.

ಡೀನ್ ಪ್ರಶ್ನಾವಳಿ ಮಡಚಿ ಕಿಸೆದಾಗ ಇಟ್ಟರು. ಚೀಲದ ಮ್ಯಾಲೆ ಕುಂತರು. ಇವತ್ತು ರೇಟ್ ಹೆಂಗೈತವ್ವಾ ಅಂದರು. ಆಮ್ಯಾಲೆ ಸುರು ಆದ ಮಾತು ಊಟದ ಹೊತ್ತಾದ್ರೂ ಮುಗೀಲಿಲ್ಲ. ಸುತ್ತ ಮಂದಿ ಕೂಡಿದರು. ತಮ್ಮ ತೀರ್ಮಾನ ಪೂರ್ತಿ ಉಲ್ಟಾ ಆಗೂ ಹಂಗ ಕಾಣತೈತಿ ಅಂತ ತಿರುಗಿ ಬರೂವಾಗ ಕಾರಿನಾಗ ಹೇಳಿದರು. ಸಣ್ಣ ಹುಡುಗರಂಗ ಖುಷಿ. ಅಂಗಿ ತುಂಬ ಕೆಂಪು ಪುಡಿ.

ಮೇ ೨೧, ಬುಧವಾರ

ಬರಿಯಾಕ ಪುರಸೊತ್ತೇ ಆಗಿಲ್ಲ. ವಾರಾ ವಾರಾ ಬ್ಯಾಡಗಿ.

ಹೊಸದಾಗಿ ಬರದು ಛಲೋ ಜರ್ನಲ್ಲಿಗೆ ಕಳಿಸಿದ್ದ ಪೇಪರಿನ ಮೇಲ್ ಬಂತು. ರಿಜೆಕ್ಟ್. ಡೀನ್ ಸ್ಟಾಫ್‌ರೂಮಿನಾಗ ನಿಂತು ಓದಿದರು. ಮೊದಲನೇ ಪರಿಶೀಲಕರಿಗೆ ನಮ್ಮ ಇಂಗ್ಲಿಷ್ ಸೇರಿಲ್ಲ. ಎರಡನೇದವರು ಎರಡು ಪುಟ ಬರದಾರ. ಬೇಜಾರಾಗತೈತಿ ಅಂತ ನಾ ನೀರಿನ ಗ್ಲಾಸ್ ಹಿಡಕೊಂಡು ನಿಂತಿದ್ದೆ. ಕೋಲ್ಡ್ ಸ್ಟೋರೇಜಿನಾಗ ಇಟ್ಟು ಕಾಯೂ ರೈತರನ್ನ ಯಾಕ ಬಿಟ್ಟೀರಿ — ಅಂತ ಅವರು ಕೇಳ್ಯಾರ. ಡೀನ್ ಅದನ್ನ ಇನ್ನೊಮ್ಮೆ ತಮ್ಮಷ್ಟಕ್ಕ ಓದಿಕೊಂಡರು.

"ಯಾರೀ ಪುಣ್ಯಾತ್ಮ? ನಾ ಬರದದ್ದನ್ನ ಕಡೀತನಕ ಓದ್ಯಾನ."

ಯಾರೂ ನಗಲಿಲ್ಲ. ವೀರೇಂದ್ರ ಸರ್ ಎದ್ದು ಅವರ ಹೆಗಲ ಮ್ಯಾಲೆ ಕೈ ಇಟ್ಟರು.

ಈಗಲೇ ಬ್ಯಾಡಗಿಗೆ ಹೋಗಬೇಕಂತ ಡೀನ್. ನಂದು ಕ್ಲಾಸ್ ಐತಿ ಅಂದೆ. ಸಿಮ್ರಾನ ತಗೋತಾಳಂತ. ಸ್ಟೋರೇಜ್ ಒಳಗ ಭಾಳ ಥಂಡಿ ಅಂತ ಯಾರೋ ಹೇಳ್ಯಾರ. ಡೀನ್ ಮಂಕಿ ಕ್ಯಾಪ್ ಹಾಕ್ಕೊಂಡು ಬಾಗಲದಾಗ ನಿಂತಾರ. ಮೇ ತಿಂಗಳದಾಗ. ಬೆವರು ಇಳಿಯಾಕತ್ತೈತಿ, ತಗೀವಲ್ಲರು. ಲಗೂ ಬರ್ರಿ ಅಂತ —