ಅಮ್ಮನಿಗೆ ಬಂದ ಆಹ್ವಾನ

ರೆನ್ಮಾರ್ಕ್
ಮಂಗಳವಾರ

ನದಿತೀರದ ಕವಿಕೂಟದ ಅಧ್ಯಕ್ಷರಾದ ಶ್ರೀ ಟ್ರೆಲೋರ್ ಅವರಿಗೆ,

ಕಳೆದ ಸಭೆಯಲ್ಲಿ ನನ್ನ ತಾಯಿ ಐಲ್ಸಾ, ಮರ್ರಿ ನದಿಯಲ್ಲಿ ಮುಳುಗಿಹೋದ ನನ್ನ ತಮ್ಮನ ಮೇಲೆ ಕವಿತೆ ಓದಿದರು. ನೀವು ಮೈಕಿನಲ್ಲಿ, "ಪ್ರಾಸ ಸಿಗ್ಲಿ ಅಂತ ಅಜ್ಜಿ ಮಗನ್ನೇ ಮುಳುಗಿಸ್ಬಿಟ್ರಲ್ಲಪ್ಪೋ!" ಎಂದಿರಿ. ಜನ ಮುಖ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅಮ್ಮನಿಗೆ ಕಿವಿ ಕೇಳಿಸುವುದಿಲ್ಲ. "ನೋಡಿದ್ಯೇನೇ, ಎಲ್ರೂ ಕಣ್ಣೊರೆಸ್ಕೊತಿದ್ರು!" ಎಂದು ಮನೆಗೆ ಬರುವವರೆಗೂ ಹಿಗ್ಗುತ್ತಿದ್ದರು. ಈಗ ವಸಂತದ ಸಭೆಗೂ ನೀವು ಅವರನ್ನು ಕರೆದಿದ್ದೀರಿ.

ಗುರುವಾರ ಅವರಿಗೆ ಶ್ರವಣಯಂತ್ರ ಹಾಕುತ್ತಾರೆ. ದಯವಿಟ್ಟು ಆಹ್ವಾನವನ್ನು ವಾಪಸ್ ಪಡೆಯಿರಿ. ಕವಿತೆ ಚೆನ್ನಾಗಿಲ್ಲ ಎಂದೇ ಬರೆಯಿರಿ. ಅಮ್ಮ ಅತ್ತರೆ ನಾನು ಸಮಾಧಾನ ಮಾಡುತ್ತೇನೆ. ಆ ನಗು ಮಾತ್ರ ಅವರ ಕಿವಿಗೆ ಬೀಳುವುದು ಬೇಡ.

ಇತಿ,
ಬ್ರಾನ್ವೆನ್ ಪಾಸ್ಕೋ