ಹನ್ನೊಂದೂವರೆ ವೋಲ್ಟು

ಮಾರ್ಚ್ ೧೪, ಶುಕ್ರವಾರ

ನಾನು ಕಟ್ಟಿದ ಡಿಜಿಟಲ್ ವೋಲ್ಟ್‌ಮೀಟರ್ ಕೊನೆಗೂ ಸರಿಯಾಯಿತು, ಆಗದಿದ್ದರೇ ಚೆನ್ನಾಗಿತ್ತು. ಪಕ್ಕದ ಓಪಲ್ ಹರಳಿನ ಗಣಿಯ ಬ್ರೂನೋ ತಂದ ಒಳ್ಳೆಯ ಮೀಟರಿನ ಜೊತೆಗಿಟ್ಟು, ಸಣ್ಣ ತಿರುಪು ತಿರುಗಿಸಿ, ಎರಡರ ಅಂಕಿಯನ್ನೂ ಒಂದು ಮಾಡಿದೆವು. ಆಮೇಲೆ ನನ್ನ ಹೆಂಡತಿ ಗ್ಲೆನಿಸ್‌ಳ ಉಸಿರಾಟದ ಯಂತ್ರ ನಡೆಸುವ ಸೋಲಾರ್ ಬ್ಯಾಟರಿಗೆ ಹಚ್ಚಿದರೆ ಹನ್ನೊಂದೂವರೆ. ಗೋಡೆಯ ಹಳೆಯ ಮೀಟರು ಇಷ್ಟು ದಿನವೂ ಹನ್ನೆರಡೂವರೆ ಎನ್ನುತ್ತಿತ್ತು. ಹನ್ನೆರಡಕ್ಕಿಂತ ಕೆಳಗಿಳಿದರೆ ಯಂತ್ರ ರಾತ್ರಿ ಯಾವಾಗ ಬೇಕಾದರೂ ನಿಲ್ಲಬಹುದು.

"ಎಷ್ಟಿದ್ಯೋ, ಡೆಸ್?" ಹೆಂಡತಿ ಒಳಗಿನಿಂದ ಕೂಗಿದಳು.

ನನ್ನ ಬೆರಳು ಇನ್ನೂ ತಿರುಪಿನ ಮೇಲಿತ್ತು. ಸ್ವಲ್ಪ ತಿರುಗಿಸಿದ್ದರೆ ಸಾಕಿತ್ತು, ಇದೂ ಹನ್ನೆರಡೂವರೆ ಎನ್ನುತ್ತಿತ್ತು. ಬ್ರೂನೋ ನೆಲ ನೋಡುತ್ತ ನಿಂತಿದ್ದ.

"ಹನ್ನೊಂದೂವರೆ ಕಣೆ. ಹೊಸ ಬ್ಯಾಟರಿ ಅಡಿಲೇಡಿಂದ ಬರೋ ತನಕ ಆಸ್ಪತ್ರೇಲಿರ್ಬೇಕು."

"ಅಲ್ಲಿಗೆ ಹೋದ್ರೆ ನಾನು ವಾಪಸ್ ಬರಲ್ಲ, ಗೊತ್ತಲ್ವಾ ನಿಂಗೆ?" ಎಂದಳು. ಆಮೇಲೆ, "ನೀನು ಕಟ್ಟಿದ್ದು ಯಾವತ್ತು ನೆಟ್ಟಗೆ ಕೆಲಸ ಮಾಡಿದೆ!" ಎಂದು ನಗಲು ಹೋಗಿ ಕೆಮ್ಮಿದಳು.

ಬೆಳಿಗ್ಗೆ ಗಾಡಿಯ ಹಿಂದೆ ಹಾಸಿಗೆ ಹಾಸಬೇಕು. ದಿಂಬು ಎರಡಿದ್ದರೆ ಅವಳಿಗೆ ಉಸಿರಾಡಲು ಸುಲಭ.