ಸೋಮವಾರ ತುಂಬಲಿರುವ ಟ್ಯಾಂಕಿನ ಬುಡದ ವಿಚಾರ

ಪುರಸಭೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಬರುವ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನೀವು ಏಳನೇ ವಾರ್ಡಿನ ಹೊಸ ನೀರಿನ ಟ್ಯಾಂಕನ್ನು ಕಂಠಪೂರ್ತಿ ತುಂಬಿಸುತ್ತೀರಂತೆ. ತುಂಬಿಸಬೇಡಿ. ಅದರ ಕೆಳಗೆ ನೆಲ ಇಲ್ಲ. ವಿಷಯ ಇಷ್ಟೇ. ಇಷ್ಟನ್ನು ಹೇಳಲು ನಿಮ್ಮ ಕಚೇರಿಯ ಮೆಟ್ಟಿಲನ್ನು ಮೂರು ಸಲ ಹತ್ತಿ ಇಳಿದಿದ್ದೇನೆ. ನಿಮ್ಮ ಕಿವಿಗೆ ಬೀಳಲಿಲ್ಲವಾದ್ದರಿಂದ ಈಗ ಊರಿಗೆಲ್ಲ ಕೇಳುವ ಹಾಗೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಕಾಗುಣಿತವನ್ನು ಮೊಮ್ಮಗಳು ತಿದ್ದಿದ್ದಾಳೆ. ಸಿಟ್ಟನ್ನು ತಿದ್ದಬೇಡ ಅಂದಿದ್ದೇನೆ.

ನೀವು ಈ ಊರಿಗೆ ವರ್ಗವಾಗಿ ಬಂದು ಎಂಟು ತಿಂಗಳಾಯಿತು. ನಿಮ್ಮ ಕೋಣೆಯ ಗೋಡೆಯ ಮೇಲೆ ಹನ್ನೆರಡು ವಾರ್ಡಿಗೆ ಹನ್ನೆರಡು ಬಣ್ಣ ಬಳಿದ ನಕ್ಷೆ ಇದೆ. ನೋಡಲು ಚೆಂದ. ಆದರೆ ಅದು ಊರಿನ ತಾರಸಿ ಮಾತ್ರ, ಸ್ವಾಮಿ. ಇದು ನಾಲ್ಕಂತಸ್ತಿನ ಊರು. ಮೇಲಿನ ಅಂತಸ್ತಿನಲ್ಲಿ ನೀವು ತೆರಿಗೆ ಎತ್ತುತ್ತೀರಿ; ಕೆಳಗಿನ ಮೂರು ಅಂತಸ್ತು ನಾವು ಗಣಿಯಲ್ಲಿ ಅಗೆದ ಸುರಂಗಗಳು. ಪೂರ್ವಕ್ಕೆ ಕಾಣುವ ಬೋಳುಗುಡ್ಡ ದೇವರು ಇಟ್ಟದ್ದಲ್ಲ. ಆ ಮೂರು ಅಂತಸ್ತಿನಿಂದ ತಂದು ಸುರಿದ ಕಲ್ಲುಮಣ್ಣು ಅದು. ಗುಡ್ಡ ಎಷ್ಟು ದೊಡ್ಡದಿದೆಯೋ, ಮಾರಿಹೋದ ಅದಿರೂ ಸೇರಿ, ಕೆಳಗೆ ಅದಕ್ಕಿಂತ ಹೆಚ್ಚು ಖಾಲಿ ಇರಬೇಕು ತಾನೆ? ಇದನ್ನು ತಿಳಿಯಲು ಕಾಲೇಜು ಮೆಟ್ಟಿಲು ಹತ್ತಬೇಕೇ? ಇನ್ನು ನಮ್ಮ ಘನ ಸದಸ್ಯರ ಮಾತು. ಟ್ಯಾಂಕು ಯಾರ ವಾರ್ಡಿಗೆ ಅಂತ ಹನ್ನೆರಡು ಮಂದಿ ಎರಡು ವರ್ಷ ಕಿತ್ತಾಡಿದರು, ಕುರ್ಚಿ ಎತ್ತಿದರು, ಮೈಕು ಮುರಿದರು. ಎಂಥ ನೆಲದ ಮೇಲೆ ಅಂತ ಒಬ್ಬನೂ ಕೇಳಲಿಲ್ಲ. ಕೊನೆಗೆ ಗೆದ್ದದ್ದು ನಮ್ಮ ವಾರ್ಡು. ನಮ್ಮ ಪುಣ್ಯ!

ಕಳೆದ ತಿಂಗಳು ಪರೀಕ್ಷೆಗೆಂದು ಅರ್ಧ ಟ್ಯಾಂಕು ತುಂಬಿಸಿದಿರಿ. ಅದರ ಪಕ್ಕದ ಸಾಲಿನಲ್ಲಿ ಹದಿನಾಲ್ಕು ಮನೆಗಳಿವೆ; ಮೂರನೆಯದು ನನ್ನ ಮಗಳದ್ದು. ಹೊಲಿಗೆ ಅವಳ ಕಸುಬು. ತುಂಬಿಸಿದ ಮೂರನೇ ದಿನ ಅವಳ ಕೈಜಾರಿ ನೆಲಕ್ಕೆ ಬಿದ್ದ ದಾರದ ಉಂಡೆ, ಯಾರೋ ಕರೆದ ಹಾಗೆ, ಟ್ಯಾಂಕಿನ ಕಡೆಯ ಗೋಡೆಗೆ ಉರುಳಿಕೊಂಡು ಹೋಯಿತು. ನಾಲ್ಕನೇ ದಿನ ಅಡುಗೆಮನೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು. ನೀವು ನೀರು ಇಳಿಸಿದ ಮೇಲೂ ಅದು ಬಿಟ್ಟುಕೊಡಲಿಲ್ಲ. ದೂರು ಕೊಟ್ಟೆವು. ನಿಮ್ಮ ಕಚೇರಿ ಮೊಹರು ಹಾಕಿ ಉತ್ತರ ಕೊಟ್ಟಿತು: "ತೇವಾಂಶದಿಂದ ಮರ ಉಬ್ಬಿರುವುದು ಕಂಡುಬಂದಿದ್ದು, ಅರ್ಜಿದಾರರು ಬಡಗಿಯನ್ನು ಸಂಪರ್ಕಿಸತಕ್ಕದ್ದು."

ಆ ಬಾಗಿಲು ತಗಡಿನದು, ಸ್ವಾಮಿ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಬೀದಿಯಲ್ಲಿ ನೆಲವೇ ಡೊಂಕಾಗಿದೆ. ಇಲ್ಲ, ನಿಮ್ಮ ಕುಣಿತವೇ ಸರಿಯಿಲ್ಲ ಅಂತ ನೀವು ಬರೆದು ಕೊಟ್ಟಿದ್ದೀರಿ.

ಆ ಕಾಗದ ಹಿಡಿದು ಮತ್ತೆ ಬಂದೆ. ನಿಮ್ಮ ಗುಮಾಸ್ತ ತಲೆ ಎತ್ತದೆ, "ಏನಜ್ಜಾ, ಮತ್ತೆ ಬಂದ್ರಾ? ಮನೇಲಿ ಹೊತ್ತು ಹೋಗಲ್ವಾ?" ಅಂದ. "ಹೋಗತ್ತಪ್ಪಾ, ಮನೆ ಇರೋ ತನಕ ಹೋಗತ್ತೆ" ಅಂದೆ. ನಕ್ಕು ಎಂಜಿನಿಯರ್ ಹತ್ತಿರ ಕಳಿಸಿದ. ಎಂಜಿನಿಯರ್ ಒಳ್ಳೆಯ ಹುಡುಗ, ಕುರ್ಚಿ ಕೊಟ್ಟ. ಗಣಿಯವರ ಹಳೇ ನಕ್ಷೆಯನ್ನು ಮೇಜಿನ ಮೇಲೆ ಹಾಸಿ ವಿವರಿಸಿದ. ಸುರಂಗದ ಚಾವಣಿ ಬೀಳದಿರಲೆಂದು ನಾವು ನಡುನಡುವೆ ಬಂಡೆಯನ್ನು ಅಗೆಯದೆ ಹಾಗೇ ಬಿಡುತ್ತಿದ್ದೆವು. ಅವಕ್ಕೆ ಕಂಬ ಅನ್ನುತ್ತೇವೆ. ಟ್ಯಾಂಕಿನ ಒಂದೊಂದು ಕಾಲನ್ನೂ ಅಳತೆ ಹಿಡಿದು ಒಂದೊಂದು ಕಂಬದ ನೆತ್ತಿಯ ಮೇಲೇ ನಿಲ್ಲಿಸಿದ್ದಾನಂತೆ.

"ನೋಡಿ ಅಜ್ಜಾ, ನಾಲ್ಕು ಕಾಲು, ನಾಲ್ಕು ಕಂಬ. ಒಂದೊಂದೂ ಆರು ಮಾರು ದಪ್ಪ. ಆನೆ ಹತ್ತಿಸಿದರೂ ಅಲ್ಲಾಡಲ್ಲ. ಅಂದ ಹಾಗೆ, ನೀವು ಎಷ್ಟು ಓದಿದ್ದೀರಿ?"

"ನಾಲ್ಕನೇ ಕ್ಲಾಸು. ಆದ್ರೆ ನಿನ್ನ ಟ್ಯಾಂಕಿನ ಕೆಳಗೆ ಹದಿನೇಳು ವರ್ಷ ಇದ್ದೆ."

ಅಷ್ಟು ಹೇಳಿದವನು ಮುಂದಿನ ಮಾತನ್ನು ನುಂಗಿಕೊಂಡು ಎದ್ದು ಬಂದೆ. ಇಲ್ಲಿಯವರೆಗೆ ನಿಮ್ಮನ್ನು ಬೈದದ್ದಾಯಿತು. ಇನ್ನು ನನ್ನ ಸರದಿ.

ಮನೆಗೆ ಬಂದಾಗ ಮಗಳು ಆ ಬಾಗಿಲನ್ನು ಭುಜಕೊಟ್ಟು ದೂಡುತ್ತಿದ್ದಳು. "ಕೆಳಗೆ ಕಂಬ ಇದೆ ಅಂತ ಅವರ ನಕ್ಷೆಯಲ್ಲೇ ಇದೆಯಂತಲ್ಲ ಅಪ್ಪಾ. ಇಲ್ಲ ಅಂತ ನಿನಗೆ ಹೇಗೆ ಗೊತ್ತು?" ಅಂದಳು.

"ಅದನ್ನ ಕೆತ್ತಿ ತೆಗೆದವನು ನಾನೇ ಕಣಮ್ಮಾ."

ಗಣಿ ಮುಚ್ಚುವುದಕ್ಕೆ ಆರು ತಿಂಗಳಿದೆ ಅನ್ನುವಾಗ ಬೇರೆಲ್ಲೂ ಅದಿರು ಉಳಿದಿರಲಿಲ್ಲ. ಉಳಿದದ್ದು ಕಂಬಗಳಲ್ಲಿ ಮಾತ್ರ. ನಮ್ಮ ಮೇಲ್ವಿಚಾರಕ ಬಂದು, "ಮೇಲೆ ಬರೀ ಕುರುಚಲು ಕಾಡು ಕಣ್ರೋ, ಅಲ್ಲಿ ಯಾವನು ಬಂದು ಮನೆ ಕಟ್ತಾನೆ? ಸುತ್ತಲೂ ಎರಡೆರಡು ಮಾರು ಹೆರೆದುಬಿಡಿ. ನಕ್ಷೆಯ ತಂಟೆಗೆ ಹೋಗೋದು ಬೇಡ" ಅಂದ. ನಾವು ಐದು ಜನ ಹೆರೆದೆವು. ಆರು ಮಾರಿನ ಕಂಬ ಎರಡು ಮಾರಿಗೆ ಬಂತು. ಈಗ ಟ್ಯಾಂಕು ನಿಂತಿರುವ ನಾಲ್ಕರಲ್ಲಿ ಒಂದನ್ನಂತೂ ಪೂರ್ತಿ ತೆಗೆದು, ಅದರ ಜಾಗಕ್ಕೆ ಮರದ ದಿಮ್ಮಿ ಕೊಟ್ಟು ಬಂದೆವು. ಆ ದಿಮ್ಮಿಗೆ ಈಗ ನಲವತ್ತೊಂದು ವರ್ಷ. ನಮಗೆ ಒಬ್ಬೊಬ್ಬರಿಗೆ ಒಂದು ಜೊತೆ ಹೊಸ ಬೂಟು ಸಿಕ್ಕಿತು. ಉಳಿದ ನಾಲ್ವರು ತೀರಿಕೊಂಡರು. ಮೇಲ್ವಿಚಾರಕನೂ ಹೋದ. ನಿಮ್ಮ ನಕ್ಷೆ ಸುಳ್ಳು ಅಂತ ಹೇಳಲು ಊರಿನಲ್ಲಿ ಉಳಿದವನು ನಾನೊಬ್ಬ. ನಾನೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಮಗಳು ಬಾಗಿಲು ಬಿಟ್ಟು ನನ್ನನ್ನೇ ನೋಡಿದಳು. "ಇದನ್ನ ಆ ಎಂಜಿನಿಯರ್‌ಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕಳ್ಳ ಅಂತಾರೆ."

"ಹೇಳದೇ ಇದ್ರೆ ಏನಂತಾರೆ? ಅನ್ನೋಕೆ ಈ ಸಾಲಲ್ಲಿ ಯಾರಿರ್ತಾರೆ?"

ಹೆತ್ತ ಮಗಳ ಹತ್ತಿರ ಈ ಮಾತು ಕೇಳಿಸಿಕೊಂಡ ಮೇಲೆ ನಿಮ್ಮ ಗುಮಾಸ್ತನ ಮಾತು ಯಾವ ಲೆಕ್ಕ? ಮರುದಿನವೇ ಹೋಗಿ ಎಲ್ಲ ಹೇಳಿದೆ. ಎಂಜಿನಿಯರ್ ಮುಖ ಬಿಳಿಚಿಕೊಂಡಿತು. ಆದರೆ ದಾಖಲೆ ಇಲ್ಲದ ಮಾತಿಗೆ ಕೊರೆದು ನೋಡುವ ಯಂತ್ರ ತರಿಸಲು ಮೇಲಿನಿಂದ ಒಪ್ಪಿಗೆ ಸಿಗುವುದಿಲ್ಲವಂತೆ. ಅರ್ಜಿ ಕೊಟ್ಟು ಹೋಗಿ, ಪರಿಶೀಲಿಸುತ್ತೇವೆ ಅಂದರು. ಎಷ್ಟು ದಿನದಲ್ಲಿ ಅಂದೆ. ನಲವತ್ತೈದು ದಿನದಲ್ಲಂತೆ. ಸೋಮವಾರಕ್ಕೆ ನಾಲ್ಕು ದಿನ ಇದೆ, ಸ್ವಾಮಿ.

ಆದ್ದರಿಂದ ನಾನು ಅರ್ಜಿ ಕೊಡುವುದಿಲ್ಲ. ನಾಲ್ಕನೇ ಕ್ಲಾಸಿನವನಾದರೂ ಕಚೇರಿ ನಡೆಯುವ ರೀತಿಯನ್ನು ಇಷ್ಟು ಕಲಿತಿದ್ದೇನೆ: ನಿಮ್ಮಲ್ಲಿ ಜನ ಕಾಣೆಯಾದರೆ ಕಾಯಬಹುದು, ಆಸ್ತಿ ಕಾಣೆಯಾದರೆ ಕಾಯುವಂತಿಲ್ಲ. ಗಣಿ ಮುಚ್ಚಿದಾಗ ಆ ಜಮೀನನ್ನು, ನಕ್ಷೆಯಲ್ಲಿದ್ದ ಅಷ್ಟೂ ಕಂಬಗಳ ಸಮೇತ, ಪುರಸಭೆಗೆ ಬರೆದುಕೊಟ್ಟಿದ್ದಾರೆ. ಅಂದರೆ ಅವು ನಿಮ್ಮ ಆಸ್ತಿ. ಅವು ಅಲ್ಲಿಲ್ಲ. ಕದ್ದವನು ನಾನು. ಈ ಪತ್ರವೇ ನನ್ನ ತಪ್ಪೊಪ್ಪಿಗೆ. ಹೆಬ್ಬೆಟ್ಟಲ್ಲ, ಸಹಿಯನ್ನೇ ಹಾಕಿದ್ದೇನೆ. ಈಗ ನೀವು ದೂರು ದಾಖಲಿಸಬೇಕು. ದಾಖಲಿಸಿದರೆ ಕಳವಾದ ಜಾಗಕ್ಕೆ ಬಂದು ಮಹಜರು ಮಾಡಬೇಕು. ಮಹಜರು ಮಾಡಬೇಕಾದರೆ ಅಲ್ಲಿ ಕೊರೆದು ನೋಡದೆ ವಿಧಿಯಿಲ್ಲ. ಅಲ್ಲಿಯವರೆಗೆ ಆ ಜಾಗದ ಮೇಲೆ ಒಂದು ಕೊಡ ನೀರನ್ನೂ ಇಡುವಂತಿಲ್ಲ, ಸಾಕ್ಷ್ಯ ಕೆಡುತ್ತದೆ.

ಕೊರೆದಾಗ ಗಟ್ಟಿ ಬಂಡೆ ಸಿಕ್ಕರೆ, ಅಧಿಕಾರಿಗಳಿಗೆ ಸುಳ್ಳು ಹೇಳಿದ್ದಕ್ಕೆ ನನ್ನನ್ನು ಒಳಗೆ ಹಾಕಿ. ಸಿಗದಿದ್ದರೆ ಕಳ್ಳತನಕ್ಕೆ ಒಳಗೆ ಹಾಕಿ. ಎರಡರಲ್ಲಿ ಯಾವುದಾದರೂ ನನಗೆ ಒಪ್ಪಿಗೆ. ಶುಕ್ರವಾರ ಬೆಳಿಗ್ಗೆಯಿಂದ ಟ್ಯಾಂಕಿನ ಬುಡದಲ್ಲೇ ಕೂತಿರುತ್ತೇನೆ; ಆರೋಪಿ ತಲೆಮರೆಸಿಕೊಂಡಿದ್ದಾನೆ ಅಂತ ಬರೆಯಲು ನಿಮಗೆ ದಾರಿ ಇರಬಾರದು. ಯಂತ್ರ ತನ್ನಿ. ಎಲ್ಲಿ ಕೊರೆಯಬೇಕೆಂದು ಕಾಲಿನಲ್ಲಿ ಗೆರೆ ಎಳೆದು ತೋರಿಸುತ್ತೇನೆ.

ಇಂತಿ, ತಲೆ ತಗ್ಗಿಸಿ, ದನಿ ಮಾತ್ರ ತಗ್ಗಿಸದೆ,

ಏಳನೇ ವಾರ್ಡಿನ ಕಂಬಗಳ್ಳ